ಥೀಮ್ ಪಾರ್ಕಿಗೆ ಯಾವ ಶೂ, ಯಾವ ಚಪ್ಪಲಿ? ಸಂಜೆಯ ಕಾಲಿಗೆ ಒಪ್ಪುವುದನ್ನು ಆರಿಸುವುದು ಹೀಗೆ

"ಥೀಮ್ ಪಾರ್ಕಿಗೆ ಹೊರಟಿದ್ದೇವೆ, ಕಾಲಿಗೆ ಏನು ಹಾಕಿಕೊಳ್ಳಲಿ?" ರಜೆ ಹತ್ತಿರ ಬಂದಾಗಲೆಲ್ಲ ಓದುಗರಿಂದ ಈ ಪ್ರಶ್ನೆ ಬರುತ್ತದೆ. ಕೇಳುವ ರೀತಿ ಮಾತ್ರ ಬೇರೆ ಬೇರೆ. ಒಬ್ಬರಿಗೆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕು. ಇನ್ನೊಬ್ಬರಿಗೆ ನೀರಿನ ರೈಡಿನಲ್ಲಿ ಶೂ ನೆನೆಯುತ್ತಲ್ಲ ಎಂಬ ಚಿಂತೆ. ಮತ್ತೊಬ್ಬರು ಕಳೆದ ಸಲ ಕಾಲಲ್ಲಿ ಬೊಬ್ಬೆ ಎದ್ದು ಮಧ್ಯಾಹ್ನವೇ ವಾಪಸ್ ಬಂದವರು. ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡೋಣ ಅಂತ ಈ ಲೇಖನ.

ಮೊದಲೇ ಒಂದು ಮಾತು. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿದಾಗ "ಆಹಾ, ಎಷ್ಟು ಮೆತ್ತಗಿದೆ" ಅನ್ನಿಸಿದ್ದು ಸಂಜೆ ಆರಕ್ಕೂ ಹಾಗೇ ಇರುತ್ತದೆ ಎಂದು ನಂಬಬೇಡಿ. ಪಾರ್ಕಿಗೆ ಹಾಕುವ ಶೂವನ್ನು ಬೆಳಗಿನ ಕಾಲು ನೋಡಿ ಆರಿಸಬಾರದು. ದಿನದ ಕೊನೆಯ ಎರಡು ಗಂಟೆಯಲ್ಲಿ ಕಾಲು ಹೇಗಿರುತ್ತದೋ ಅದನ್ನು ನೋಡಿ ಆರಿಸಬೇಕು. ಆಗ ಅದು ಊದಿರುತ್ತದೆ, ಬೆವರಿರುತ್ತದೆ, ಸೋತಿರುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಲೆಕ್ಕದ ಮೇಲೇ ನಿಂತಿವೆ.

ಹೈ ಹೀಲ್ಸ್‌ನಿಂದ ಫೋಮ್‌ವರೆಗೆ

ಪಾರ್ಕಿಗೆ ಹೋಗುವವರ ಕಾಲಲ್ಲಿ ಮೊದಲಿನಿಂದ ಸ್ಪೋರ್ಟ್ಸ್ ಶೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರ ಜುಲೈ 17ರಂದು. ಅಂದು ಸುಡುಬಿಸಿಲು. ಡಾಂಬರು ಆಗಷ್ಟೇ ಹಾಕಿದ್ದು, ಇನ್ನೂ ಗಟ್ಟಿಯಾಗಿರಲಿಲ್ಲ. ಹೆಂಗಸರ ಹೈ ಹೀಲ್ಸ್ ಅದರೊಳಗೆ ಹೂತುಕೊಂಡವು. ಆಗಿನ ಫೋಟೋಗಳನ್ನು ನೋಡಿ, ಜನ ಏನೋ ಸಮಾರಂಭಕ್ಕೆ ಬಂದವರ ಹಾಗೆ ಕಾಣುತ್ತಾರೆ. ಗಂಡಸರಿಗೆ ಲೆದರ್ ಶೂ, ಹೆಂಗಸರಿಗೆ ಹೀಲ್ಸ್. ಪಾರ್ಕಿಗೆ ಹೋಗುವುದು ಎಂದರೆ ನೀಟಾಗಿ ಅಲಂಕಾರ ಮಾಡಿಕೊಂಡು ಹೋಗುವುದು ಎಂಬ ಕಾಲ ಅದು.

ಆಮೇಲೆ ಫ್ಯಾಷನ್ ನಿಧಾನವಾಗಿ ಕೆಳಕ್ಕಿಳಿಯಿತು, ಹೀಲ್ಸ್ ಲೆಕ್ಕದಲ್ಲೂ! 1966ರಲ್ಲಿ ಅದೇ ಅನಹೈಮ್ ಊರಿನಲ್ಲಿ ವ್ಯಾನ್ಸ್ ಕಂಪನಿ ಕ್ಯಾನ್ವಾಸ್ ಶೂ ಮಾಡಿ ಮಾರತೊಡಗಿತು. ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಶೂ ಹಿಡಿತ ಕೊಟ್ಟಿತು, ಆದರೆ ಅಡಿಯಲ್ಲಿ ಮೆತ್ತೆ ಇಲ್ಲ. 1970ರ ದಶಕದ ಮಧ್ಯದಲ್ಲಿ ಓಟದ ಶೂಗಳಿಗೆ ಇವಿಎ ಬಂತು. ಇದು ಹಗುರವಾದ, ಒಳಗೆಲ್ಲ ಸಣ್ಣ ಗಾಳಿಗುಳ್ಳೆ ತುಂಬಿದ ಫೋಮ್. ಮೆತ್ತೆಯ ಕೊರತೆ ನೀಗಿತು. 1984ರಲ್ಲಿ ಟೀವಾ ಸ್ಯಾಂಡಲ್ ಬಂತು. ಗ್ರ್ಯಾಂಡ್ ಕ್ಯಾನಿಯನ್‌ನ ನದಿಯಲ್ಲಿ ದೋಣಿ ನಡೆಸುತ್ತಿದ್ದ ಮಾರ್ಕ್ ಥ್ಯಾಚರ್ ಅದನ್ನು ಮಾಡಿದವರು. ಹವಾಯಿ ಚಪ್ಪಲಿ ನೀರಿನಲ್ಲಿ ಕಳಚಿ ಹೋಗುತ್ತದೆ ಅಂತ ಅದಕ್ಕೆ ಹಿಂದೆ ಒಂದು ಬಾರು ಕಟ್ಟಿದರು. ಅಷ್ಟೇ, ಆದರೆ ದೊಡ್ಡ ಬದಲಾವಣೆ. 2002ರಲ್ಲಿ ಬಂದ ಕ್ರಾಕ್ಸ್ ಕೂಡ ಮೊದಲು ದೋಣಿಯವರಿಗಾಗಿ ಮಾಡಿದ್ದು. 2009ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಹೋಕಾ ಶೂ ಕಂಪನಿ, ಬೆಟ್ಟ ಇಳಿಯುವ ಓಟಗಾರರಿಗಾಗಿ ದಪ್ಪ ಅಟ್ಟೆ ತಂದಿತು.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ಇವತ್ತು ಪಾರ್ಕಿನ ಗೇಟಿನಲ್ಲಿ ಕಾಣುವ ಹೆಚ್ಚಿನ ಪಾದರಕ್ಷೆ ಬೇರೆ ಯಾವುದೋ ಕೆಲಸಕ್ಕೆ ಹುಟ್ಟಿದ್ದು. ದೋಣಿಗೆ, ನದಿಗೆ, ಬೆಟ್ಟಕ್ಕೆ, ಓಟಕ್ಕೆ. ಕಾಂಕ್ರೀಟ್ ಮೇಲೆ ಹತ್ತು ತಾಸು ನಡೆದು, ನಿಂತು, ನೆಂದು, ಮತ್ತೆ ನಡೆಯುವುದಕ್ಕೆ ಅಂತಲೇ ಯಾರೂ ಮಾಡಿದ್ದಲ್ಲ. ಹಾಗಾಗಿ ಟ್ರೆಂಡ್ ನೋಡಿ ಕೊಳ್ಳುವ ಮೊದಲು ಅದು ಯಾವ ಕೆಲಸ ಚೆನ್ನಾಗಿ ಮಾಡುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂದು ತಿಳಿದಿರಬೇಕು.

ಏನೇನು ಇಟ್ಟುಕೊಳ್ಳಬೇಕು

ಒಂದು ಜೊತೆ ಮುಖ್ಯ ಶೂ ಅಥವಾ ಬಾರಿನ ಸ್ಯಾಂಡಲ್. ನೀರಿನ ರೈಡ್ ಇದ್ದರೆ ಇನ್ನೊಂದು ಹಗುರ ಜೊತೆ. ತಲಾ ಎರಡು ಜೊತೆ ಸಾಕ್ಸ್. ಬ್ಯಾಗಿನಲ್ಲಿ ಪೇಪರ್ ಟೇಪ್ ಒಂದು ಸುರುಳಿ (ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಕೊಡುವ ತೆಳುವಾದ ಬಿಳಿ ಟೇಪು), ನಾಲ್ಕಾರು ಬ್ಯಾಂಡೇಜು, ಒದ್ದೆ ಸಾಕ್ಸ್ ಹಾಕಲು ಒಂದು ಪ್ಲಾಸ್ಟಿಕ್ ಕವರ್. ಇಷ್ಟು ಸಾಕು. ಉಳಿದದ್ದೆಲ್ಲ ಭಾರ.

ಹಂತ 1: ದಿನದ ಲೆಕ್ಕ ಹಾಕಿ

ದೊಡ್ಡ ಪಾರ್ಕಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇದ್ದರೆ 10 ಕಿಲೋಮೀಟರ್ ದಾಟುವುದು ಸಾಮಾನ್ಯ. 15ಕ್ಕೆ ಹೋದರೂ ಆಶ್ಚರ್ಯವಿಲ್ಲ. ಫ್ಲೋರಿಡಾದ ಎಪ್‌ಕಾಟ್ ಎಂಬ ಡಿಸ್ನಿ ಪಾರ್ಕಿನಲ್ಲಿ ಕೊಳದ ಸುತ್ತ ಇರುವ ವರ್ಲ್ಡ್ ಶೋಕೇಸ್ ಎಂಬ ಒಂದು ಭಾಗವನ್ನು ಸುತ್ತಿದರೇ ಸುಮಾರು 2 ಕಿಲೋಮೀಟರ್ ಆಗುತ್ತದೆ. ಅಂಥ ಕಡೆ ಏನೋ ಮರೆತು ಒಮ್ಮೆ ವಾಪಸ್ ಹೋದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ನೋಡಿ.

ಆದರೆ ಜನ ಮರೆಯುವುದು ನಡಿಗೆಯನ್ನಲ್ಲ, ನಿಲ್ಲುವುದನ್ನು. ಸಾಲಿನಲ್ಲಿ ನಿಂತಾಗ ಮೀನಖಂಡ ಕೆಲಸ ಮಾಡುವುದಿಲ್ಲ. ನಡೆಯುವಾಗ ಅದೇ ಸ್ನಾಯು ಬಿಗಿದು ಸಡಿಲವಾಗುತ್ತ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಸುಮ್ನೆ ನಿಂತರೆ ರಕ್ತ, ನೀರು ಎರಡೂ ಕೆಳಗೇ ಉಳಿದು ಪಾದ ಊದುತ್ತದೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ಶೂ ಬಿಗಿಯಾಯಿತು ಅನ್ನಿಸುವುದು ಇದಕ್ಕೇ.

ಹಾಗಾಗಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಗಂಟೆ ಇರುತ್ತೇವೆ? ನೀರಿನ ರೈಡ್ ಇದೆಯಾ? ಕಾಲು ನೇತಾಡುವ ರೈಡ್ ಇದೆಯಾ? ಮೂರಕ್ಕೂ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಹಂತ 2: ಬಗೆ ಆರಿಸಿ

ಇಲ್ಲೇ ಜಾಸ್ತಿ ಜನ ಎಡವುವುದು. ಒಂದೊಂದಾಗಿ ನೋಡೋಣ.

ನಡಿಗೆ ಅಥವಾ ಓಟದ ಶೂ. ಇಡೀ ದಿನದ ಕಾರ್ಯಕ್ರಮವಾದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಮೇಲಿನ ಬಟ್ಟೆ ಜಾಳಿಗೆಯದ್ದಾಗಿರಲಿ, ಗಾಳಿಯೂ ಆಡುತ್ತದೆ, ನೆನೆದರೆ ಬೇಗ ಒಣಗುತ್ತದೆ. ಮಿಡ್‌ಸೋಲ್ ಅಂದರೆ ನೆಲಕ್ಕೆ ತಾಗುವ ಅಟ್ಟೆಗೂ ಪಾದಕ್ಕೂ ನಡುವೆ ಇರುವ ಮೆತ್ತನೆಯ ಪದರ. ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ತಗ್ಗಬೇಕು, ಬಿಟ್ಟಾಗ ತಕ್ಷಣ ಮೇಲೇಳಬೇಕು. ಒತ್ತಿದಲ್ಲೇ ಕೂತರೆ ಅದು ಸಂಜೆಗೆ ಚಪ್ಪಟೆ.

ತೀರಾ ಮೆತ್ತನೆಯ ದಪ್ಪ ಅಟ್ಟೆ. ಈಗಿನ ಟ್ರೆಂಡ್ ಇದೇ. ಗಟ್ಟಿ ನೆಲದ ಹೊಡೆತ ಕಡಿಮೆಯಾಗುತ್ತದೆ, ನಿಜ. ಆದರೆ ಎತ್ತರ ಜಾಸ್ತಿಯಾದಷ್ಟು ಕಣಕಾಲು ಹೊರಳುವ ಸಾಧ್ಯತೆಯೂ ಜಾಸ್ತಿ. ಅಟ್ಟೆ ದಪ್ಪವಿದ್ದರೆ ತಳ ಅಗಲವೂ ಇರಬೇಕು. ಮೇಲಿನಿಂದ ನೋಡಿದಾಗ ಅಟ್ಟೆ ಶೂವಿನ ಆಚೆ ಸ್ವಲ್ಪ ಚಾಚಿಕೊಂಡಿದ್ದರೆ ಒಳ್ಳೆಯದು.

ಚಪ್ಪಟೆ ಕ್ಯಾನ್ವಾಸ್ ಶೂ. ಫೋಟೋಗೆ ಚೆಂದ, ಎರಡು ಮೂರು ಗಂಟೆಗೆ ಪರವಾಗಿಲ್ಲ. ಇಡೀ ದಿನಕ್ಕೆ ಬೇಡ. ಅಡಿಯಲ್ಲಿ ಮೆತ್ತೆ ಕಡಿಮೆ, ಒದ್ದೆಯಾದರೆ ಭಾರವಾಗಿ ಹಿಮ್ಮಡಿಗೆ ಉಜ್ಜುತ್ತದೆ. ಇದನ್ನೇ ಹಾಕಬೇಕು ಎಂದಿದ್ದರೆ ಒಳಗೆ ಒಂದು ಒಳ್ಳೆ ಇನ್‌ಸೋಲ್ ಹಾಕಿ. ಇನ್‌ಸೋಲ್ ಎಂದರೆ ಶೂ ಒಳಗೆ ಪಾದದ ಕೆಳಗೆ ಇರುವ ಬಿಡಿ ಹಾಳೆ. ಹಳೆಯದನ್ನು ತೆಗೆದೇ ಹೊಸದನ್ನು ಹಾಕಬೇಕು. ಒಂದರ ಮೇಲೊಂದು ಹಾಕಿದರೆ ಪಾದ ಮೇಲೇರಿ ಬೆರಳು ತುದಿಗೆ ಒತ್ತುತ್ತದೆ, ಹಿಮ್ಮಡಿ ಹೊರಗೆ ಜಾರುತ್ತದೆ.

ಕ್ಲಾಗ್. ಮುಂದೆ ಮುಚ್ಚಿರುವ, ತೂತು ತೂತಾದ ಮೆತ್ತನೆ ಪಾದರಕ್ಷೆ. ನೀರು ಹೀರುವುದಿಲ್ಲ, ಒರೆಸಿದರೆ ಮುಗಿಯಿತು. ಕಾಲು ಊದಿದರೂ ಒಳಗೆ ಜಾಗ ಇರುತ್ತದೆ. ಹಾಗಾಗಿ ಇದರ ಜನಪ್ರಿಯತೆಗೆ ಕಾರಣ ಇದೆ, ಗೇಲಿ ಮಾಡುವವರು ಮಾಡಲಿ. ತೊಂದರೆ ಏನೆಂದರೆ ಹಿಂದಿನ ಬಾರನ್ನು ಮುಂದಕ್ಕೆ ಮಡಿಸಿ ಹಾಕುವ ಅಭ್ಯಾಸ. ಆಗ ಪ್ರತಿ ಹೆಜ್ಜೆಗೂ ಬೆರಳು ಮಡಿಸಿ ಅದನ್ನು ಹಿಡಿದುಕೊಳ್ಳಬೇಕು. ಸಾವಿರಾರು ಹೆಜ್ಜೆಯ ಮೇಲೆ ಪಾದದ ಕಮಾನು ನೋಯುತ್ತದೆ. ಬಾರು ಹಿಂದೆ ಇರಲಿ. ತೂತುಗಳಿಗೆ ಸಿಕ್ಕಿಸುವ ಗೊಂಬೆಗಳನ್ನು ಮನೆಯಲ್ಲೇ ತೆಗೆದಿಡಿ, ರೈಡಿನಲ್ಲಿ ಉದುರಿದರೆ ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಎಸ್ಕಲೇಟರ್ ಅಂಚಿಗೆ ಮೆತ್ತನೆ ಕ್ಲಾಗ್ ಸಿಕ್ಕಿಕೊಳ್ಳುವ ಅಪಾಯ ಇದೆ. ಮಕ್ಕಳನ್ನು ಮೆಟ್ಟಿಲ ನಡುವೆ ನಿಲ್ಲಿಸಿ.

ಹಿಂದೆ ಬಾರಿರುವ ಸ್ಯಾಂಡಲ್. ಬಿಸಿಲು ಮತ್ತು ನೀರು ಎರಡೂ ಇರುವ ದಿನಕ್ಕೆ ನನ್ನ ಮೆಚ್ಚಿನ ಆಯ್ಕೆ. ಬಾರನ್ನು ಮಧ್ಯಾಹ್ನ ಸ್ವಲ್ಪ ಸಡಿಲಿಸಬಹುದು, ಅದೇ ಇದರ ದೊಡ್ಡ ಗುಣ. ಬಾರಿನ ಒಳಭಾಗ ಮುಟ್ಟಿ ನೋಡಿ. ಹೊಲಿಗೆ ದಪ್ಪಗೆ ಕೈಗೆ ಸಿಕ್ಕರೆ ಅಲ್ಲೇ ಚರ್ಮ ಕೀಳುತ್ತದೆ. ಕಾರ್ಕ್ ಅಡಿಯ ಸ್ಯಾಂಡಲ್ ನಡೆಯಲು ಹಿತ, ಆದರೆ ನೀರಿಗೆ ಆಗುವುದಿಲ್ಲ. ನೆನೆದ ಕಾರ್ಕ್ ಒಣಗುವಾಗ ಬಿರುಕು ಬಿಡುತ್ತದೆ.

ಹವಾಯಿ ಚಪ್ಪಲಿ. ಕೊಳದ ಬದಿಗೆ, ಹೋಟೆಲಿಗೆ ಸರಿ. ಪಾರ್ಕಿನ ಮುಖ್ಯ ಪಾದರಕ್ಷೆಯಾಗಿ ಬೇಡವೇ ಬೇಡ. ಉಂಗುಷ್ಟ ಬೆರಳ ಸಂದಿಯನ್ನು ಕೊರೆಯುತ್ತದೆ. ಹಿಂದೆ ಹಿಡಿತ ಇಲ್ಲ. ಜನಜಂಗುಳಿಯಲ್ಲಿ ಹಿಂದಿನವರು ತುಳಿದರೆ ಬಾರು ಕಿತ್ತುಬರುತ್ತದೆ.

ಹೀಲ್ಸ್ ಮತ್ತು ಪ್ಲಾಟ್‌ಫಾರ್ಮ್ ಶೂ. ಪಾರ್ಕಿನ ಪಾತ್ರಗಳಿಗೆ ಹೊಂದುವ ಬಟ್ಟೆ ತೊಟ್ಟು ಹೋಗುವವರು ಈಗ ಹೆಚ್ಚು. ಆ ವೇಷಕ್ಕೆ ತಕ್ಕ ಶೂ ಬೇಕು ಅನ್ನಿಸುವುದು ಸಹಜ. ಫೋಟೋಗೆ ಹಾಕಿ, ತೆಗೆದು ಲಾಕರಿನಲ್ಲಿಡಿ. ವೇಷದ ಬಣ್ಣ ಸಾಕ್ಸಿನಲ್ಲಿ, ಲೇಸಿನಲ್ಲಿ ತಂದರೂ ಆಗುತ್ತದೆ ಅಲ್ವಾ? ಫ್ಯಾಷನ್ನಿಗೂ ಕಾಲಿಗೂ ಅಷ್ಟರಮಟ್ಟಿಗೆ ರಾಜಿ ಮಾಡಿಸಬಹುದು.

ಬೇರ್‌ಫುಟ್ ಶೂ. ಇದು ಹೊಸ ಮೋಹ. ಇದರಲ್ಲಿ ಹೀಲ್ ಡ್ರಾಪ್ ಸೊನ್ನೆ, ಅಂದರೆ ಹಿಮ್ಮಡಿಯ ಕೆಳಗೂ ಬೆರಳಿನ ಕೆಳಗೂ ಅಟ್ಟೆಯ ಎತ್ತರ ಒಂದೇ. ತಿಂಗಳುಗಟ್ಟಲೆ ಹಾಕಿ ರೂಢಿ ಇದ್ದವರಿಗೆ ಸರಿ. ರೂಢಿ ಇಲ್ಲದವರು ಮೊದಲ ಸಲ ಪಾರ್ಕಿಗೇ ಹಾಕಿದರೆ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಗಟ್ಟಿ ನಾರು ಮರುದಿನ ಬಿಗಿದುಕೊಳ್ಳುತ್ತವೆ.

ಚಕ್ರದ ಶೂ. ಅಟ್ಟೆಯಲ್ಲಿ ಗಾಲಿ ಇರುವ ಶೂಗಳನ್ನು ಡಿಸ್ನಿ ಪಾರ್ಕುಗಳು ಒಳಗೆ ಬಿಡುವುದಿಲ್ಲ. ಬೇರೆ ಕಡೆಯೂ ಇಂಥ ನಿಯಮ ಇರಬಹುದು. ಮಕ್ಕಳು ಹಟ ಹಿಡಿದರೂ ಮನೆಯಲ್ಲೇ ಬಿಡಿ.

ಹಂತ 3: ಅಳತೆ ಸಂಜೆ ನೋಡಿ

ಶೂ ಕೊಳ್ಳಲು ಬೆಳಿಗ್ಗೆ ಹೋಗಬೇಡಿ. ದಿನವಿಡೀ ಓಡಾಡಿ ಕಾಲು ಸ್ವಲ್ಪ ದಪ್ಪಗಾದ ಸಂಜೆ ಹೊತ್ತಿಗೆ ಹೋಗಿ. ಪಾರ್ಕಿನಲ್ಲಿ ಹಾಕುವ ಸಾಕ್ಸನ್ನೇ ತೊಟ್ಟುಕೊಂಡು ಹೋಗಿ. ಎರಡೂ ಕಾಲಿಗೆ ಹಾಕಿ ನೋಡಿ. ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದು. ಸೈಜು ದೊಡ್ಡ ಪಾದದ್ದು ಇರಲಿ.

ನಿಂತಾಗ ಅತಿ ಉದ್ದದ ಬೆರಳಿನ ಮುಂದೆ 10ರಿಂದ 12 ಮಿಲಿಮೀಟರ್ ಜಾಗ ಉಳಿಯಬೇಕು. ಅತಿ ಉದ್ದದ ಬೆರಳು ಎಲ್ಲರಿಗೂ ಹೆಬ್ಬೆರಳೇ ಆಗಿರುವುದಿಲ್ಲ, ಎರಡನೆಯದೂ ಇರಬಹುದು. ಬ್ರಿಟಿಷ್ ಅಳತೆಯಲ್ಲಿ ಅರ್ಧ ಸೈಜ್ ಎಂದರೆ ಸುಮಾರು 4 ಮಿಲಿಮೀಟರ್. ಆದ್ದರಿಂದ ಎರಡು ಸೈಜಿನ ನಡುವೆ ಸಿಕ್ಕಿಬಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಉಳಿದ ಸಡಿಲವನ್ನು ಲೇಸ್ ನೋಡಿಕೊಳ್ಳುತ್ತದೆ.

ಟೋ ಬಾಕ್ಸ್ ಎಂದರೆ ಬೆರಳುಗಳು ಕೂರುವ ಮುಂದಿನ ಗೂಡು. ಒಳಗೆ ಬೆರಳುಗಳನ್ನು ಅಲ್ಲಾಡಿಸಲು ಆಗಬೇಕು. ಹೀಲ್ ಕೌಂಟರ್ ಎಂದರೆ ಹಿಮ್ಮಡಿಯನ್ನು ಹಿಂದಿನಿಂದ ಹಿಡಿಯುವ ಗಟ್ಟಿ ಭಾಗ. ಅದನ್ನು ಎರಡು ಬೆರಳಲ್ಲಿ ಅದುಮಿ, ಪೂರ್ತಿ ಕುಸಿಯಬಾರದು. ಆಮೇಲೆ ಶೂವನ್ನು ಬಗ್ಗಿಸಿ. ಬೆರಳುಗಳ ಬುಡದಲ್ಲಿ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಅದು ಪಾದದ ಕಮಾನಿಗೆ ಆಸರೆ ಕೊಡುವುದಿಲ್ಲ.

"ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲೆದರ್ ಸ್ವಲ್ಪ ಹಿಗ್ಗುತ್ತದೆ. ಸಿಂಥೆಟಿಕ್ ಹೆಚ್ಚೇನೂ ಹಿಗ್ಗುವುದಿಲ್ಲ. ಅಂಗಡಿಯಲ್ಲಿ ಕಚ್ಚುವ ಶೂ ಪಾರ್ಕಿನಲ್ಲಿ ಇನ್ನೂ ಕಚ್ಚುತ್ತದೆ.

ಹಂತ 4: ಕಾಲಿಗೆ ಒಗ್ಗಿಸಿ

ಹೊಸ ಶೂವನ್ನು ಪ್ರವಾಸದ ದಿನವೇ ಡಬ್ಬದಿಂದ ತೆಗೆಯುವುದು ಎಲ್ಲಕ್ಕಿಂತ ಹಳೆಯ ತಪ್ಪು. ಜನ ಇನ್ನೂ ಮಾಡುತ್ತಲೇ ಇದ್ದಾರೆ. ಎರಡು ವಾರ ಮೊದಲೇ ಶುರುಮಾಡಿ. ಮೊದಲು ಮನೆಯೊಳಗೆ ಒಂದೊಂದು ಗಂಟೆ. ಆಮೇಲೆ ಹೊರಗೆ ಅರ್ಧ ಗಂಟೆಯ ನಡಿಗೆ. ಕೊನೆಗೆ ಒಂದು ದಿನ ಗಟ್ಟಿ ನೆಲದ ಮೇಲೆ ಎರಡು ಗಂಟೆ. ಎಲ್ಲಿ ಉರಿಯುತ್ತದೆ ಎಂದು ಗಮನಿಸಿ. ಆ ಜಾಗ ನೆನಪಿಟ್ಟುಕೊಳ್ಳಿ, ಟೇಪು ಹಾಕಬೇಕಾದದ್ದು ಅಲ್ಲೇ.

ಇದರ ಉಲ್ಟಾ ತಪ್ಪೂ ಇದೆ. ಬೀರುವಿನಲ್ಲಿ ವರ್ಷಗಟ್ಟಲೆ ಕೂತ ಶೂ ನೋಡಲು ಹೊಸದರಂತೆ ಇರುತ್ತದೆ. ಆದರೆ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ ಫೋಮಿನ ಅಟ್ಟೆ ಗಾಳಿಯ ತೇವವನ್ನು ಹೀರಿ ಒಳಗಿಂದಲೇ ಸಡಿಲವಾಗುತ್ತದೆ. ಹಾಕಿಕೊಂಡು ಒಂದು ಗಂಟೆ ನಡೆದರೆ ಪುಡಿಯಾಗಿ ಉದುರುತ್ತದೆ, ಅಥವಾ ಇಡೀ ಅಟ್ಟೆ ಬಾಯಿ ಬಿಡುತ್ತದೆ. ಪಾರ್ಕಿನ ನಡುವೆ ಹೀಗಾದರೆ ಪಕ್ಕದ ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಳ್ಳುವುದು ಬಿಟ್ಟು ದಾರಿ ಇಲ್ಲ. ಹಳೆಯದನ್ನು ಹಾಕುವುದಿದ್ದರೆ ಒಂದು ವಾರ ಮೊದಲೇ ಬಗ್ಗಿಸಿ, ಒತ್ತಿ, ನಡೆದು ನೋಡಿ. ದಿನವೂ ಓಡುವವರಾದರೆ ಇನ್ನೊಂದು ಲೆಕ್ಕ: ಓಟದ ಶೂಗಳ ಮೆತ್ತೆ 500ರಿಂದ 800 ಕಿಲೋಮೀಟರ್ ಹೊತ್ತಿಗೆ ಸೋಲುತ್ತದೆ ಎಂಬುದು ಸಾಮಾನ್ಯ ಅಂದಾಜು.

ಹಂತ 5: ಸಾಕ್ಸ್, ಟೇಪು, ಲೇಸು

ಬೊಬ್ಬೆ ಏಳುವುದು ಬರೀ ಉಜ್ಜುವುದರಿಂದಲ್ಲ. ಮೇಲಿನ ಚರ್ಮ ಶೂ ಜೊತೆ ಒಂದು ಕಡೆ, ಒಳಗಿನ ಮೂಳೆ ಇನ್ನೊಂದು ಕಡೆ ಎಳೆಯುತ್ತದೆ. ನಡುವಿನ ಪದರ ಬಿಟ್ಟುಕೊಂಡು ಅಲ್ಲಿ ನೀರು ತುಂಬುತ್ತದೆ. ಚರ್ಮ ಒದ್ದೆಯಿದ್ದರೆ ಸಾಕ್ಸ್ ಹೆಚ್ಚು ಅಂಟಿಕೊಂಡು ಎಳೆತ ಜೋರಾಗುತ್ತದೆ. ಹಾಗಾಗಿ ಕಾಲನ್ನು ಒಣಗಿಸಿಕೊಳ್ಳುವುದೇ ಅರ್ಧ ಔಷಧಿ.

ಹತ್ತಿಯ ಸಾಕ್ಸ್ ಬೆವರನ್ನು ಹೀರಿ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್, ನೈಲಾನ್ ಮಿಶ್ರಣ ಅಥವಾ ಮೆರಿನೋ ಎಂಬ ನಯವಾದ ಉಣ್ಣೆಯ ಸಾಕ್ಸ್ ವಾಸಿ. ಉಣ್ಣೆ ಎಂದರೆ ಸೆಕೆ ಅಂದುಕೊಳ್ಳಬೇಡಿ, ತೆಳುವಾದದ್ದು ಸಿಗುತ್ತದೆ. ಶೂ ಒಳಗೆ ಮುಚ್ಚಿಹೋಗುವ ಪುಟ್ಟ ಸಾಕ್ಸ್ ಈಗ ಫ್ಯಾಷನ್. ಅದು ಹಿಮ್ಮಡಿಯಿಂದ ಜಾರಿ ಪಾದದಡಿ ಮುದ್ದೆಯಾಗುತ್ತದೆ. ಕಣಕಾಲಿನವರೆಗೆ ಬರುವುದನ್ನು ಹಾಕಿ.

ಟೇಪಿನ ವಿಷಯ. ದೂರದ ಓಟಗಾರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಾಮಾನ್ಯ ಪೇಪರ್ ಟೇಪ್ ಹಚ್ಚಿದ ಜಾಗದಲ್ಲಿ ಬೊಬ್ಬೆ ಸುಮಾರು 40 ಪ್ರತಿಶತ ಕಡಿಮೆಯಾಯಿತು. ಅಷ್ಟು ಅಗ್ಗದ ವಸ್ತುವಿಗೆ ಇದು ದೊಡ್ಡ ಫಲ. ಬೆಳಿಗ್ಗೆ ಒಣಗಿದ ಕಾಲಿಗೆ, ಸುಕ್ಕಿಲ್ಲದಂತೆ ಹಚ್ಚಿ. ಎಣ್ಣೆ, ಕ್ರೀಮು ಹಚ್ಚಿದ ಮೇಲೆ ಟೇಪು ನಿಲ್ಲುವುದಿಲ್ಲ. ಎರಡರಲ್ಲಿ ಒಂದು ಆರಿಸಿ.

ಲೇಸಿನಲ್ಲಿ ಒಂದು ಉಪಾಯ ಇದೆ. ಓಟದ ಶೂಗಳಲ್ಲಿ ತುದಿಗೆ ಒಂದು ಹೆಚ್ಚುವರಿ ತೂತು ಇರುವುದನ್ನು ನೋಡಿರುತ್ತೀರಿ. ಜನ ಅದನ್ನು ಖಾಲಿ ಬಿಡುತ್ತಾರೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ಪೋಣಿಸಿ ಪುಟ್ಟ ಕುಣಿಕೆ ಮಾಡಿ. ಎರಡೂ ಬದಿ ಹೀಗೆ ಮಾಡಿ. ಎಡದ ತುದಿಯನ್ನು ಬಲದ ಕುಣಿಕೆಯಲ್ಲಿ, ಬಲದ್ದನ್ನು ಎಡದ ಕುಣಿಕೆಯಲ್ಲಿ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಅಲುಗುವುದಿಲ್ಲ, ಮುಂದೆ ಬೆರಳಿಗೆ ಸಡಿಲವೂ ಉಳಿಯುತ್ತದೆ. ಹಿಮ್ಮಡಿ ಬೊಬ್ಬೆ ಪದೇ ಪದೇ ಬರುವವರು ಮೊದಲು ಇದನ್ನು ಮಾಡಿ ನೋಡಿ, ಆಮೇಲೆ ಹೊಸ ಶೂ ಯೋಚಿಸಿ.

ಹಂತ 6: ರೈಡಿನ ನಿಯಮ ಓದಿ

ಬರಿಗಾಲಲ್ಲಿ ಓಡಾಡಲು ಪಾರ್ಕುಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಅದು ಒಳ್ಳೆಯದೇ. ಬಿಸಿಲಿಗೆ ಕಾದ ಡಾಂಬರು 60 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಪಾದ ಸುಡಲು ಹೆಚ್ಚು ಹೊತ್ತು ಬೇಡ.

ಇನ್ವರ್ಟೆಡ್ ಕೋಸ್ಟರ್ ಎಂದರೆ ಹಳಿ ತಲೆಯ ಮೇಲಿದ್ದು ಸೀಟು ಕೆಳಗೆ ತೂಗುವ ರೋಲರ್ ಕೋಸ್ಟರ್. 1992ರಲ್ಲಿ ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಮೆರಿಕಾದಲ್ಲಿ ಬ್ಯಾಟ್‌ಮನ್ ದ ರೈಡ್ ಶುರುವಾದ ಮೇಲೆ ಈ ಬಗೆ ಹರಡಿತು. ಕಾಲು ಗಾಳಿಯಲ್ಲಿ ನೇತಾಡುತ್ತದೆ. ಸಡಿಲ ಚಪ್ಪಲಿ ಅಷ್ಟು ಎತ್ತರದಿಂದ ಹಾರಿದರೆ ಕೆಳಗಿರುವವರ ತಲೆಗೆ ಗಾಯವಾಗಬಹುದು. ಕೆಲವು ರೈಡಿನಲ್ಲಿ ಚಪ್ಪಲಿ ತೆಗೆದು ಬದಿಗಿಡಿ ಎನ್ನುತ್ತಾರೆ, ಕೆಲವು ಕಡೆ ಹಿಂದೆ ಬಾರಿಲ್ಲದಿದ್ದರೆ ಹತ್ತಿಸುವುದಿಲ್ಲ. ಸಾಲಿನ ಬಾಗಿಲಲ್ಲೇ ಬೋರ್ಡ್ ಇರುತ್ತದೆ. ಒಂದು ಗಂಟೆ ನಿಂತ ಮೇಲೆ ಓದುವುದಕ್ಕಿಂತ ಮೊದಲೇ ಓದಿ.

ನೀರಿನ ರೈಡುಗಳಲ್ಲಿ, ಅದರಲ್ಲೂ ದುಂಡನೆಯ ದೋಣಿಯಲ್ಲಿ ಕೂತು ಅಲೆಯಲ್ಲಿ ಹೋಗುವ ರಿವರ್ ರಾಪಿಡ್ಸ್‌ನಲ್ಲಿ, ದೋಣಿಯ ತಳದಲ್ಲೇ ನೀರು ನಿಂತಿರುತ್ತದೆ. ಮೇಲೆ ರೇನ್‌ಕೋಟ್ ಹಾಕಿದವರ ಶೂ ಕೂಡ ತೊಯ್ಯುವುದು ಇದರಿಂದಲೇ. ಒಂದೇ ಜೊತೆ ಇದ್ದರೆ ನೀರಿನ ರೈಡನ್ನು ಕೊನೆಗೆ ಇಟ್ಟುಕೊಳ್ಳಿ. ಎರಡು ಜೊತೆ ಇದ್ದರೆ ಶೂ ಲಾಕರಿಗೆ, ಸ್ಯಾಂಡಲ್ ಕಾಲಿಗೆ. ಒದ್ದೆ ಸಾಕ್ಸಿನಲ್ಲಿ ಮಾತ್ರ ಮುಂದಿನ ನಾಲ್ಕು ಗಂಟೆ ಕಳೆಯಬೇಡಿ.

ಹಂತ 7: ಮಕ್ಕಳಿದ್ದರೆ

ಮಕ್ಕಳ ಪಾದ ಬೇಗ ಬೆಳೆಯುತ್ತದೆ. ಮೂರು ತಿಂಗಳ ಹಿಂದೆ ಸರಿಯಿದ್ದದ್ದು ಈಗ ಬಿಗಿ ಇರಬಹುದು, ಹೊರಡುವ ವಾರ ಮತ್ತೆ ನೋಡಿ. ವೆಲ್ಕ್ರೋ, ಅಂದರೆ ಚರ್ ಅಂತ ಕೀಳುವ ಪಟ್ಟಿ ಇರುವ ಶೂ ಅನುಕೂಲ. ಬಿಚ್ಚಿದ ಲೇಸನ್ನು ಜನಸಂದಣಿಯಲ್ಲಿ ಕೂತು ಕಟ್ಟುವುದು ಕಷ್ಟ.

ಒಂದು ವಿಷಯ ಖಡಾಖಂಡಿತವಾಗಿ ಹೇಳಬೇಕು. ರೈಡಿಗೆ ಬೇಕಾದ ಎತ್ತರಕ್ಕೆ ಎರಡು ಸೆಂಟಿಮೀಟರ್ ಕಡಿಮೆ ಬಂತು ಅಂತ ಮಗುವಿಗೆ ದಪ್ಪ ಅಟ್ಟೆಯ ಶೂ ಹಾಕುವವರು, ಒಳಗೆ ಸಾಕ್ಸ್ ತುರುಕುವವರು ಇದ್ದಾರೆ. ಆ ಎತ್ತರದ ಗೆರೆ ಇರುವುದು ಸುರಕ್ಷತೆಯ ಪಟ್ಟಿ, ಸರಳು ಮಗುವಿನ ಮೈಮೇಲೆ ಸರಿಯಾದ ಜಾಗದಲ್ಲಿ ಕೂರಲಿ ಅಂತ. ಶೂ ಎತ್ತರ ಹೆಚ್ಚಿಸಿದರೆ ಸೊಂಟ, ಭುಜ ಮೇಲೆ ಬರುವುದಿಲ್ಲ. ಸಿಬ್ಬಂದಿ ಶೂ ಬಿಚ್ಚಿಸಿ ಅಳೆಯಲೂ ಬಹುದು. ಮುಂದಿನ ವರ್ಷ ಹತ್ತಿಸಿದರಾಯಿತು.

ಹಂತ 8: ಪಾರ್ಕಿನೊಳಗೆ

ಸಾಲಿನಲ್ಲಿ ನಿಂತಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಒಂದು ಸಲಕ್ಕೆ ಇಪ್ಪತ್ತು ಸಾಕು. ಮೀನಖಂಡ ಕೆಲಸ ಮಾಡಿದರೆ ಊತ ತಗ್ಗುತ್ತದೆ. ಊಟಕ್ಕೆ ಕೂತಾಗ ಶೂ ಬಿಚ್ಚಿ, ಕಾಲು ಆರಿಸಿ, ಸಾಕ್ಸ್ ಬದಲಿಸಿ. ಲೇಸನ್ನು ಮತ್ತೆ ಮೊದಲಿನಿಂದ ಕಟ್ಟಿ. ಬೆಳಗಿನ ಬಿಗಿ ಮಧ್ಯಾಹ್ನಕ್ಕೆ ಆಗಿಬರುವುದಿಲ್ಲ.

ಎಲ್ಲಾದರೂ ಬಿಸಿಯಾಗಿ ಉರಿ ಶುರುವಾಯಿತೇ? ಮುಂದಿನ ರೈಡ್ ಆದಮೇಲೆ ನೋಡೋಣ ಅನ್ನಬೇಡಿ. ಅದೇ ಕ್ಷಣ ಕೂತು ಟೇಪು ಹಚ್ಚಿ. ಉರಿ ಹಂತದಲ್ಲಿ ಹಿಡಿದರೆ ಐದು ನಿಮಿಷದ ಕೆಲಸ. ಬೊಬ್ಬೆ ಎದ್ದೇ ಬಿಟ್ಟಿದ್ದರೆ ಒಡೆಯಬೇಡಿ, ಮೇಲಿನ ಚರ್ಮವೇ ಅದಕ್ಕೆ ಒಳ್ಳೆಯ ರಕ್ಷಣೆ. ಬ್ಯಾಂಡೇಜ್ ಹಾಕಿ, ಸುತ್ತ ಒತ್ತಡ ಬೀಳದಂತೆ ಶೂ ಸಡಿಲಿಸಿ. ತಾನೇ ಒಡೆದರೆ ಶುದ್ಧ ನೀರಿನಲ್ಲಿ ತೊಳೆದು ಮುಚ್ಚಿ, ತೂಗಾಡುವ ಚರ್ಮ ಕೀಳಬೇಡಿ. ಹೆಚ್ಚಿನ ಪಾರ್ಕುಗಳಲ್ಲಿ ಪ್ರಥಮ ಚಿಕಿತ್ಸೆಯ ಕೋಣೆ ಇರುತ್ತದೆ. ಸಂಕೋಚ ಬೇಡ, ಕಾಲಿನ ಬೊಬ್ಬೆ ತೋರಿಸಲು ಬರುವವರು ನೀವೇ ಮೊದಲಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಇದು ಬೇರೆಯೇ ವಿಷಯ. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಉರಿ ಗೊತ್ತೇ ಆಗುವುದಿಲ್ಲ. ನೋವಿಲ್ಲ ಅಂತ ಬಿಡದೆ ಎರಡು ಗಂಟೆಗೊಮ್ಮೆ ಶೂ ಬಿಚ್ಚಿ ಕಣ್ಣಾರೆ ನೋಡಿ, ಅಡಿಭಾಗ ಜೊತೆಗಿರುವವರು ನೋಡಲಿ. ತೆರೆದ ಚಪ್ಪಲಿ, ಬರಿಗಾಲು ಎರಡೂ ಬೇಡ. ಸಣ್ಣ ಗಾಯವಾದರೂ ವೈದ್ಯರಿಗೆ ತೋರಿಸಿ. ಗರ್ಭಿಣಿಯರಿಗೆ ಊತ ಹೆಚ್ಚು, ಬಾರು ಸಡಿಲಿಸಬಹುದಾದ ಪಾದರಕ್ಷೆಯೇ ಇರಲಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುವವರು, ಅಂದರೆ ಪಾದದಡಿಯ ಪಟ್ಟಿಯಂಥ ನಾರು ಕೆರಳಿದವರು, ಚಪ್ಪಟೆ ಅಟ್ಟೆಯಿಂದ ದೂರ ಇರಿ.

ಹಂತ 9: ಮರುದಿನವೂ ಪಾರ್ಕ್ ಇದ್ದರೆ

ರಾತ್ರಿ ಕಾಲುಗಳನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ, ಹತ್ತು ಹದಿನೈದು ನಿಮಿಷ ಇಡಿ. ನೆನೆದ ಶೂವಿನ ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಕಾಗದ ತುರುಕಿ. ಒಂದೆರಡು ಗಂಟೆಗೆ ಕಾಗದ ಬದಲಿಸಿ. ಹೇರ್ ಡ್ರೈಯರಿನ ಬಿಸಿಗಾಳಿ ಹತ್ತಿರದಿಂದ ಬಿಡಬೇಡಿ, ಅಂಟು ಬಿಡುತ್ತದೆ, ಫೋಮ್ ಕುಗ್ಗುತ್ತದೆ. ಫ್ಯಾನಿನ ಕೆಳಗಿಟ್ಟರೆ ಸಾಕು.

ದಿನವಿಡೀ ಒತ್ತಿಸಿಕೊಂಡ ಫೋಮ್ ಮತ್ತೆ ಪೂರ್ತಿ ಮೇಲೇಳಲು ಹೊತ್ತು ಬೇಕು. ಆದ್ದರಿಂದ ಎರಡನೇ ದಿನಕ್ಕೆ ಬೇರೆ ಜೊತೆ ಹಾಕುವುದು ಜಾಣತನ. ಅದೇ ಬ್ರ್ಯಾಂಡಿನ ಅದೇ ಮಾದರಿ ಎರಡು ಕೊಳ್ಳಬೇಡಿ. ಆಕಾರ ಬೇರೆಯಿದ್ದರೆ ನಿನ್ನೆ ಉಜ್ಜಿದ ಜಾಗಕ್ಕೆ ಇಂದು ಬಿಡುವು ಸಿಗುತ್ತದೆ.